ಕಣ್ಣಿದ್ದವಳ ಪರೀಕ್ಷೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳಿದ್ದವು. ಅಲ್ಲಿ ದುಡಿಯುವವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಅದು ವಯಸ್ಸಿಗೆ ಕೊಟ್ಟ ಮರ್ಯಾದೆ, ಹುದ್ದೆಗೆ ಸಿಕ್ಕಿದ್ದಲ್ಲ. ಹಾಸಿಗೆಯ ಬಿಳಿ ಬಟ್ಟೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ದಿಂಬಿನ ಚೀಲ ಎಲ್ಲವನ್ನೂ ಇಸ್ತ್ರಿ ಮಾಡಿ, ಮಡಿಸಿ, ಮೇಲಿನ ವಾರ್ಡುಗಳಿಗೆ ಕಳಿಸುವುದು ಅವಳ ಕೆಲಸ.

ಅಕ್ಷರಕ್ಕೂ ಅವಳಿಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತುಹೋಗುತ್ತಿತ್ತು. ಒತ್ತಕ್ಷರಗಳು ಇದ್ದಲ್ಲಿ ಇರದೆ ಪಕ್ಕದ ಅಕ್ಷರದ ಕಾಲಿಗೆ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು, ಹೊಡೆದರು, ಆಮೇಲೆ ಹೊಡೆಯುವುದನ್ನೂ ಬಿಟ್ಟರು. ಎಂಟನೇ ಕ್ಲಾಸಿಗೆ ಅವಳು ಶಾಲೆ ಬಿಟ್ಟಾಗ ಯಾರೂ ಯಾಕೆಂದು ಕೇಳಲಿಲ್ಲ.

ತಂಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಮನೆಯಲ್ಲಿ ಅವಳು ಚಿಕ್ಕವಳು, ಇವಳು ದೊಡ್ಡವಳು. ಚಿಕ್ಕವಳು ವಿಶೇಷ ಶಾಲೆಗೆ ಸೇರಿ ಬೆರಳಲ್ಲಿ ಬ್ರೈಲ್ ಓದಿ, ಒಂದಾದ ಮೇಲೊಂದು ತರಗತಿ ದಾಟುತ್ತ ಹೋದಳು. ಗಂಡ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ಇಬ್ಬರನ್ನೂ ಸಾಕಿದ ಅಮ್ಮನಿಗೆ ಹೇಳಲು ಒಂದೇ ಮಾತಿತ್ತು. “ಕಣ್ಣಿಲ್ಲದವಳು ಓದ್ತಾಳೆ. ಎರಡು ಕಣ್ಣಿಟ್ಕೊಂಡು ನಿನಗೇನೇ ಧಾಡಿ?” ಅಮ್ಮ ಕೆಟ್ಟವಳಾಗಿರಲಿಲ್ಲ. ಆದರೂ ಆ ಮಾತು ಸೂಜಿಯಂತೆ ನೆಟ್ಟಗೆ ಒಳಗೆ ಹೋಗುತ್ತಿತ್ತು.

ಚಿಕ್ಕವಳು ಕಾಲೇಜು ಸೇರಿದ ವರ್ಷ ಅಲ್ಲಿಂದ ಒಂದು ಲ್ಯಾಪ್‌ಟಾಪ್ ಕೊಟ್ಟರು. ಪರದೆಯ ಮೇಲಿರುವುದನ್ನೆಲ್ಲ ಅದು ಗಟ್ಟಿಯಾಗಿ ಓದುತ್ತಿತ್ತು. ನೆಗಡಿ ಹಿಡಿದ ಗಂಡಸಿನ ದನಿ. ಪೂರ್ಣವಿರಾಮ ಬಂದರೂ ಉಸಿರೆಳೆಯದೆ ಓಡುತ್ತಿತ್ತು. ಅಕ್ಕತಂಗಿ ಅದಕ್ಕೆ ‘ಮೂಗುಮಾವ’ ಎಂದು ಹೆಸರಿಟ್ಟರು. ದೊಡ್ಡವಳು ತರಕಾರಿ ಹೆಚ್ಚುತ್ತ, ಪಾತ್ರೆ ಉಜ್ಜುತ್ತ ಮೂಗುಮಾವನ ಪಾಠ ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ಚಿಕ್ಕವಳು ಯಾವುದೋ ದಂಗೆಯ ಕಾರಣಗಳನ್ನು ನೆನಪು ಮಾಡಿಕೊಳ್ಳಲು ತಡವರಿಸಿದಾಗ, ಒಲೆಯ ಬಳಿಯಿಂದ ಇವಳೇ ಎಲ್ಲವನ್ನೂ ಹೇಳಿಬಿಟ್ಟಳು.

ಚಿಕ್ಕವಳು ಲ್ಯಾಪ್‌ಟಾಪ್ ಮುಚ್ಚಿದಳು. “ಅಕ್ಕಾ, ನಿನ್ನನ್ನ ದಡ್ಡಿ ಅಂದೋರು ಯಾರು?”

“ಎಲ್ಲರೂ. ನೀನೂ.”

ಅದೇ ಹೊತ್ತಿಗೆ ನೆಲಮಾಳಿಗೆಯ ಮೇಲ್ವಿಚಾರಕಿ ನಿವೃತ್ತಿಯಾಗುವವರಿದ್ದರು. ಆ ಜಾಗಕ್ಕೆ ಹತ್ತನೇ ಕ್ಲಾಸು ಪಾಸಾಗಿರಬೇಕಿತ್ತು. “ಮೂಗುಮಾವನ್ನ ಕೂರಿಸ್ಕೊಂಡು ಪರೀಕ್ಷೆ ಬರಿ,” ಎಂದು ಚಿಕ್ಕವಳು ಹಟ ಹಿಡಿದು, ತನ್ನ ಹಳೆಯ ಶಾಲೆಯ ಟೀಚರ ಬಳಿ ಅಕ್ಕನನ್ನು ಕರೆದೊಯ್ದಳು. ಟೀಚರು ಎರಡು ದಿನ ಓದಿಸಿ, ಬರೆಸಿ, ಕೇಳಿ ನೋಡಿದರು.

“ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ,” ಎಂದರು. “ನೀವು ದಡ್ಡರಲ್ಲ. ಕಣ್ಣಲ್ಲಿ ಓದೋದು ನಿಮಗೆ ಕಷ್ಟ, ಅಷ್ಟೇ. ಸಣ್ಣವರಿದ್ದಾಗಲೇ ಗೊತ್ತಾಗಿದ್ರೆ ಚೆನ್ನಾಗಿತ್ತು.”

ಚಿಕ್ಕವಳು ಖುಷಿಯಿಂದ ಅಕ್ಕನ ಕೈ ಹಿಸುಕಿದಳು. ದೊಡ್ಡವಳಿಗೆ ಖುಷಿಯಾಗಲಿಲ್ಲ. ಇದಕ್ಕೊಂದು ಹೆಸರಿತ್ತು. ಹೆಸರಿದೆ ಎಂದರೆ ಯಾರಿಗೋ ಗೊತ್ತಿತ್ತು. ಅವಳು ಬೆಂಚಿನ ಮೇಲೆ ನಿಂತಿದ್ದಾಗ ಆ ಗೊತ್ತಿದ್ದವರು ಎಲ್ಲಿ ಹಾಳಾಗಿ ಹೋಗಿದ್ದರು?

ಪರೀಕ್ಷೆಯ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಅಲ್ಲಿನ ಗುಮಾಸ್ತ ಅವಳ ಮುಖ ನೋಡಿ, “ಕಣ್ಣು ಚೆನ್ನಾಗಿದೆಯಲ್ಲಮ್ಮಾ. ಮಾತಾಡೋ ಕಂಪ್ಯೂಟರ್ ಇರೋದು ಕಣ್ಣಿಲ್ಲದವರಿಗೆ,” ಎಂದ. ಇನ್ನೊಮ್ಮೆ ಹೋದಾಗ, “ಕೇಳಿಸ್ಕೊಂಡು ಬರೆಯೋದಾದ್ರೆ ನಾನೂ ರ‍್ಯಾಂಕ್ ಬರ್ತಿದ್ದೆ,” ಎಂದು ನಕ್ಕ. ಟೀಚರು ಬೆನ್ನು ಬಿಡಲಿಲ್ಲ. ಕೊನೆಗೂ ಕಂಪ್ಯೂಟರ್ ಬಳಸಲು ಆದೇಶ ಬಂತು.

ಆ ಚಳಿಗಾಲವೆಲ್ಲ ಅವಳು ಓದಿದಳು. ಒತ್ತಿದ ಅಕ್ಷರವನ್ನು ಮೂಗುಮಾವ ಕೂಗಿ ಹೇಳುತ್ತಿದ್ದರಿಂದ ತಪ್ಪು ಒತ್ತಿದರೆ ಕಿವಿಗೇ ತಿಳಿಯುತ್ತಿತ್ತು. ಚಿಕ್ಕವಳು ಪಕ್ಕದಲ್ಲಿ ಕೂತು ಟೈಪು ಮಾಡುವುದನ್ನು ಕಲಿಸಿದಳು. ಇಸ್ತ್ರಿಯ ಬಿಸಿಗೆ ಬೊಬ್ಬೆಯೆದ್ದ ಬೆರಳುಗಳು ನಿಧಾನವಾಗಿ ಕೀಲಿಗಳಿಗೆ ಒಗ್ಗಿದವು. ಹತ್ತನೆಯ ತರಗತಿಯ ವಿಜ್ಞಾನ ಅವಳಿಗೆ ರುಚಿಸಿತು. ಹಬೆ ಎಂದರೇನೆಂದು ವರ್ಷಗಟ್ಟಲೆ ಹಬೆಯಲ್ಲಿ ಬೆಂದ ಮೇಲೆ ತಿಳಿಯಿತು ಎಂದು ತಾನೇ ನಗುತ್ತಿದ್ದಳು.

ಪರೀಕ್ಷೆಯ ಮೊದಲ ದಿನ ಅವಳಿಗೆ ಬೇರೆ ಕೋಣೆ ಕೊಟ್ಟಿದ್ದರು. ಮೇಜಿನ ಮೇಲೆ ಕಂಪ್ಯೂಟರ್ ಸಿದ್ಧವಾಗಿತ್ತು. ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಹೆಡ್‌ಮಾಸ್ಟರು ಪತ್ರಿಕೆಯ ಫೋಟೋಗ್ರಾಫರನ್ನು ಕರೆತಂದು, ಅವಳ ತಲೆಗೆ ಹೆಡ್‌ಫೋನ್ ತೊಡಿಸಿ, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಗಂಟೆ ಹೊಡೆಯಿತು. ಪರೀಕ್ಷೆಯ ಮೇಲ್ವಿಚಾರಕರು ಬಂದು ಪ್ರಶ್ನೆಪತ್ರಿಕೆ ಮುಂದಿಟ್ಟರು.

ಅದು ಕಾಗದದ ಮೇಲೆ ಅಚ್ಚಾಗಿದ್ದ ಪತ್ರಿಕೆ.

“ಸರ್, ಇದನ್ನ ಕಂಪ್ಯೂಟರ್ ಹೇಗೆ ಓದತ್ತೆ? ಅದರೊಳಗೆ ಹಾಕಿ ಕೊಡ್ಬೇಕಲ್ವಾ?”

“ಕಳಿಸಿರೋದೇ ಇದು. ಕಂಪ್ಯೂಟರ್ ಕೊಟ್ಟಿದ್ದೀವಲ್ಲಮ್ಮಾ, ಬಳಸಿ.”

“ಫೋನಲ್ಲಿ ಫೋಟೋ ತೆಗೆದ್ರೂ ಓದತ್ತೆ ಸರ್.”

“ಪರೀಕ್ಷೆ ಕೋಣೇಲಿ ಫೋನಾ? ಡಿಬಾರ್ ಆಗ್ತೀರ.”

“ಹಾಗಾದ್ರೆ ನೀವೇ ಒಂದ್ಸಲ ಓದಿಬಿಡಿ, ಸಾಕು.”

ಅವರು ಆದೇಶವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಹೆದರಿದ ಮನುಷ್ಯರಂತೆ ಕಂಡರು. “ಇದರಲ್ಲಿ ಕಂಪ್ಯೂಟರ್ ಅಂತಿದೆ. ಓದಿ ಹೇಳೋರು ಅಂತಿಲ್ಲ. ನಾಳೆ ನನ್ನ ತಲೆಗೆ ಬರತ್ತೆ.”

ಬಾವಿ ತೋರಿಸಿ ಹಗ್ಗ ಕಿತ್ತುಕೊಂಡ ಹಾಗಾಯಿತು. ಅವಳು ಕಾಗದ ಹಿಡಿದು ಬೆರಳಿಟ್ಟು ಓದಲು ನೋಡಿದಳು. ಅಕ್ಷರಗಳು ಹಳೆಯ ಚಾಳಿ ಬಿಟ್ಟಿರಲಿಲ್ಲ. ಎರಡು ಪ್ರಶ್ನೆ ಬಿಡಿಸಿಕೊಳ್ಳುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಅವಕ್ಕೆ ಉತ್ತರ ಬರೆದಳು. ಉಳಿದ ಹೊತ್ತೆಲ್ಲ ಕಿವಿಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡು, ಖಾಲಿ ಪರದೆಯ ಮುಂದೆ ಕೂತಿದ್ದಳು. ಮೂಗುಮಾವನಿಗೆ ಓದಲು ಏನೂ ಇರಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂತು. ಅಕ್ಕಪಕ್ಕದವರು ಅಮ್ಮನಿಗೆ ತಂದು ತೋರಿಸಿದರು. ಉಳಿದ ವಿಷಯಗಳ ದಿನವೂ ಕಾಗದವೇ ಬಂದಿತ್ತು. ತಿಂಗಳಾದ ಮೇಲೆ ಫಲಿತಾಂಶವೂ ಬಂತು. ಮಗಳು ಹೇಳಿದ್ದನ್ನೆಲ್ಲ ಅಮ್ಮ ಕೇಳಿಸಿಕೊಂಡಳು. ಕೇಳಿ, ಪತ್ರಿಕೆಯ ಆ ಚಿತ್ರವನ್ನೇ ನೋಡುತ್ತ, “ಅಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಆಗ್ಲಿಲ್ವಲ್ಲೇ,” ಎಂದಳು.

ದೊಡ್ಡವಳು ಪತ್ರಿಕೆ ಮಡಿಸಿಟ್ಟು ಎದ್ದುಹೋದಳು. ಅಂದಿನಿಂದ ಅಮ್ಮನೊಡನೆ ಬೇಕಾದಷ್ಟೇ ಮಾತು.

ಚಿಕ್ಕವಳು ಕೆರಳಿ ಕೆಂಡವಾದಳು. “ದೂರು ಕೊಡೋಣ ಅಕ್ಕಾ. ಮುಂದಿನ ಸಲ ಪ್ರಶ್ನೆಗಳನ್ನ ಕಂಪ್ಯೂಟರ್ ಫೈಲಲ್ಲೇ ಕೊಡ್ಬೇಕು ಅಂತ ಬರೆಸೋಣ.”

“ಮುಂದಿನ ಸಲ ಆದೇಶದಲ್ಲಿ ಕರೆಂಟ್ ಅಂತ ಬರೆದಿಲ್ಲ ಅಂತಾರೆ. ನನಗೆ ಸಾಕಾಯ್ತು, ಬಿಡು.”

ದೂರನ್ನು ಚಿಕ್ಕವಳೇ ಕೊಟ್ಟಳು. ಅದು ಇನ್ನೂ ನೆನೆಗುದಿಗೆ ಬಿದ್ದಿದೆ. ಆಮೇಲೆ ಅವಳಿಗೆ ಬೇರೆ ಊರಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಅಕ್ಕನ ಫೋನಿನಲ್ಲಿ, ಕಾಗದಕ್ಕೆ ಕ್ಯಾಮೆರಾ ಹಿಡಿದರೆ ಓದಿ ಹೇಳುವ ಆ್ಯಪ್ ಹಾಕಿಕೊಟ್ಟಳು.

ಮೇಲ್ವಿಚಾರಕಿಯ ಜಾಗಕ್ಕೆ ಹೊಸ ಹುಡುಗಿ ಬಂದಳು. ಚುರುಕಾದವಳು, ದೊಡ್ಡಕ್ಕನನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ. ಬಂದ ವಾರವೇ ಗೋಡೆಗೆ ಒಂದು ಸೂಚನೆ ಅಂಟಿಸಿದಳು. ಎಲ್ಲರೂ ಓದಿ ಮುಖ ಸಿಂಡರಿಸಿ ಹೋದರು. ದೊಡ್ಡಕ್ಕ ಆಚೀಚೆ ನೋಡಿ, ಸೆರಗಿನ ಮರೆಯಿಂದ ಫೋನ್ ತೆಗೆದು ಸೂಚನೆಗೆ ಹಿಡಿದು, ಕಿವಿಗೆ ಒತ್ತಿಕೊಂಡಳು. ಅದು ಒಂದಕ್ಷರವೂ ಬಿಡದೆ ಸ್ಪಷ್ಟವಾಗಿ ಓದಿತು: ಇನ್ನು ಮುಂದೆ ಕೆಲಸದ ಜಾಗದಲ್ಲಿ ಮೊಬೈಲ್ ಬಳಸುವಂತಿಲ್ಲ.