ಒಂಬತ್ತನೆಯ ತಂತಿಗೆ ಮೂರನೆಯ ಪದರ

"ಮೈ ಅನ್ನೋದು ಹೊಸಬರನ್ನ ಸುಲಭಕ್ಕೆ ಸೇರಿಸ್ಕೊಳ್ಳಲ್ಲ ಕಣಮ್ಮ. ಮುಳ್ಳು ಚುಚ್ಚಿದ್ರೆ ನೋಡಿದ್ದೀಯಲ್ಲ, ಕೀವು ಕಟ್ಟಿ ಹೊರಗೆ ತಳ್ಳತ್ತೆ. ತಳ್ಳೋಕಾಗ್ಲಿಲ್ವಾ, ಸುತ್ತ ಗೋಡೆ ಕಟ್ಟಿ ಮೂಲೇಲಿ ಕೂರಿಸಿಬಿಡತ್ತೆ, ಬೇಡದ ನೆಂಟನ್ನ ಹೊಸ್ತಿಲಾಚೆ ಕೂರಿಸಿದ ಹಾಗೆ. ನಮ್ಮ ತಂತಿ ಚರ್ಮದ ಕೆಳಗೆ ಕೂತು ಮೈಯಲ್ಲಿ ಸಕ್ಕರೆ ಎಷ್ಟಿದೆ ಅಂತ ಹೇಳ್ಬೇಕು. ಸುತ್ತ ಗೋಡೆ ಎದ್ರೆ ಅದಕ್ಕೇನು ಕಾಣತ್ತೆ? ಬಾಗಿಲು ಹಾಕ್ಕೊಂಡು ಒಳಗೆ ಕೂತವರು ಬೀದೀಲಿ ಯಾರು ಹೋದ್ರು ಅಂತ ಹೇಳಿದ ಹಾಗೆ, ಬಾಯಿಗೆ ಬಂದದ್ದು ಹೇಳತ್ತೆ. ಅದಕ್ಕೇ ತಂತೀಗೆ ಲೋಳೆಯ ಬಟ್ಟೆ ತೊಡಿಸೋದು. ಮೆತ್ತಗೆ, ಒದ್ದೆಯಾಗಿ, ಮಾಂಸದ ಹಾಗೇ ಇರತ್ತೆ. ಇದು ಹೊರಗಿನದು ಅಂತ ಮೈಗೆ ಗೊತ್ತೇ ಆಗಬಾರದು. ಒಂದ್ಸಲ ಅದ್ದಿ, ಒಣಗಿಸಿ, ಇನ್ನೊಂದ್ಸಲ ಅದ್ದಬೇಕು. ಎರಡೇ ಸಲ."

ಕೇಳಿದವರಿಗೆಲ್ಲ ಅವಳು ಹೀಗೆ ಬಿಡಿಸಿ ಹೇಳುತ್ತಿದ್ದಳು. "ಎರಡೇ ಸಲ" ಅನ್ನುವುದು ಮಾತ್ರ ಮೊದಲು ಇರಲಿಲ್ಲ. ಅದು ಆಮೇಲೆ ಸೇರಿಕೊಂಡ ಮಾತು.

ಎಲ್ಲರ ಬಾಯಲ್ಲೂ ಅವಳು ತಂತಿಯಕ್ಕ. ಆಸ್ಪತ್ರೆಯ ಹಿಂಬದಿಯಲ್ಲಿ, ಧೂಳು ಬರದ ಹಾಗೆ ಕಿಟಕಿಗೆ ಎರಡೆರಡು ಗಾಜು ಹಾಕಿದ ಕೋಣೆಯಲ್ಲಿ ಹದಿನೇಳು ವರ್ಷದ ಕೆಲಸ. ತಲೆಗೆ ಟೋಪಿ, ಬಾಯಿಗೆ ಬಟ್ಟೆ. ಕೂದಲಿನಂಥ ತಂತಿಯನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಲೋಳೆಗೆ ಅದ್ದಿ, ಇಪ್ಪತ್ತು ಎಣಿಸಿ ಮೇಲೆತ್ತಬೇಕು. ಒಮ್ಮೆ ಯಂತ್ರ ತಂದು ನೋಡಿದ್ದರು. ಯಂತ್ರ ಎತ್ತಿದ ತಂತಿಯ ತುದಿಯಲ್ಲಿ ಹನಿ ನಿಲ್ಲುತ್ತಿತ್ತು. ಅವಳು ತುದಿಯನ್ನು ಬಟ್ಟಲಿನ ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ತಾಗಿಸುತ್ತಿದ್ದಳು, ಹನಿ ಇಳಿದುಹೋಗುತ್ತಿತ್ತು. ಯಂತ್ರ ಮೂಲೆ ಸೇರಿತು.

ಅವಳಿಗೆ ಒಬ್ಬನೇ ತಮ್ಮ, ಮನೆಗಳಿಗೆ ಬಣ್ಣ ಬಳಿಯುವವನು. ತಾಯಿ ಹೋದಾಗ ಅವನಿಗೆ ಆರು ವರ್ಷ. ಇವಳೇ ತುತ್ತಿಟ್ಟು ಬೆಳೆಸಿದ್ದು. ಹನ್ನೆರಡಕ್ಕೆ ಸಕ್ಕರೆ ಕಾಯಿಲೆ ಹಿಡಿಯಿತು. ದಿನಕ್ಕೆ ನಾಲ್ಕು ಸಲ ಚುಚ್ಚಿ ರಕ್ತ ನೋಡಿ ನೋಡಿ ಅವನ ಬೆರಳುಗಳು ಜರಡಿಯಾಗಿದ್ದವು. ಮದುವೆಯಾದ ಮೇಲೂ ಅಕ್ಕನನ್ನು ಬಿಟ್ಟಿರಲಿಲ್ಲ. ಮೂವರದೂ ಒಂದೇ ಒಲೆ.

"ನಾನು ಗೋಡೆಗೆ ಬಳೀತೀನಿ, ನಮ್ಮಕ್ಕ ಕೂದಲಿಗೆ ಬಳೀತಾಳೆ," ಎಂದು ಅವನು ಹೆಂಡತಿಯ ಮುಂದೆ ಛೇಡಿಸುತ್ತಿದ್ದ. "ಬೆನ್ನುನೋವು ಮಾತ್ರ ಇಬ್ರಿಗೂ ಒಂದೇ."

"ನಿನ್ನ ಬಣ್ಣ ಒಂದು ಮಳೆಗೆ ಎದ್ದು ಬರತ್ತೆ ಕಣೋ. ನಂದು ಏಳಲ್ಲ."

ತಂತಿಯನ್ನು ಮೈಯಲ್ಲಿಟ್ಟು ಪರೀಕ್ಷೆ ಮಾಡಲು ಡಾಕ್ಟರಮ್ಮ ಜನರನ್ನು ಹುಡುಕಿದಾಗ ಅವನೇ ಮೊದಲು ತೋಳು ಚಾಚಿದ. ಮೂರೇ ವಾರಕ್ಕೆ ಆ ಜಾಗ ಕೆಂಪಗೆ ಗಂಟುಕಟ್ಟಿತು. ತಂತಿ ತೆಗೆಸಿಕೊಂಡು ಬಂದವನು ನಗುತ್ತಲೇ ಅಂದ: "ನಿನ್ನ ಬಣ್ಣವೂ ಎದ್ದು ಬಂತಲ್ಲ ಅಕ್ಕ. ಇನ್ನೊಂದು ಕೋಟ್ ಎಳೀಬೇಕಿತ್ತು."

ಅವಳು ನಗಲಿಲ್ಲ. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ವರ್ಷ ಕಳೆದ ಮೇಲೆ ಹೊಸ ಲೋಳೆ ಬಂತು. ಹನ್ನೆರಡು ಜನ, ಹನ್ನೆರಡು ತಂತಿ, ಹಲಗೆಯ ಮೇಲೆ ಒಂದೊಂದಕ್ಕೂ ಅಂಕಿ. ಒಂಬತ್ತನೆಯದು ತಮ್ಮನದು. ಅವಳು ಎಲ್ಲವನ್ನೂ ಎರಡೆರಡು ಸಲ ಅದ್ದಿದಳು. ಮಧ್ಯಾಹ್ನ ಉಳಿದವರು ಊಟಕ್ಕೆ ಎದ್ದರು. ಅವಳು ಮತ್ತೆ ಚಿಮಟ ಹಿಡಿದು ಒಂಬತ್ತನೆಯದನ್ನು ಎತ್ತಿಕೊಂಡಳು. ಚಳಿಗೆ ಮಗುವಿಗೆ ಇನ್ನೊಂದು ಹೊದಿಕೆ ಹೊದಿಸುವವರು ಯಾರನ್ನು ಕೇಳುತ್ತಾರೆ? ಅವಳೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಈ ಸಲ ಕೆಂಪಾಗಲಿಲ್ಲ, ಗಂಟಾಗಲಿಲ್ಲ. "ಇದು ಒಳಗಿದೆ ಅನ್ನೋದೇ ಮರೆತುಹೋಗತ್ತೆ ಅಕ್ಕ," ಎಂದು ಅವನು ತೋಳು ತಟ್ಟಿಕೊಂಡು ಹೇಳಿದಾಗ ಅವಳ ಹೊಟ್ಟೆ ತಣ್ಣಗಾಯಿತು.

ಮೂರನೆಯ ತಿಂಗಳಲ್ಲಿ, ಒಂದು ಶಾಲೆಗೆ ಬಣ್ಣ ಬಳಿಯುತ್ತಿದ್ದವನು ನಡುಹಗಲಲ್ಲಿ ಏಣಿಯಿಂದ ಬಿದ್ದ. ಮತ್ತೆ ಏಳಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವನು ಬಾಗಿಲಲ್ಲಿ ನಿಂತು ಹೇಳಿದ: "ಕೈ ನಡುಗ್ತಾ ಇದೆ, ಇಳಿದು ಬಾರೋ, ಏನಾದ್ರೂ ತಿನ್ನು ಅಂದೆ. ಮುಂಚೆ ಆಗಿದ್ರೆ ತಾನೇ ಇಳೀತಿದ್ದ. ತಂತಿಯ ಲೆಕ್ಕ ತೋರಿಸೋ ಮೆಷಿನ್ ನೋಡ್ಕೊಂಡು, ಎಲ್ಲ ಸರಿ ಇದೆ ಅಂತಿದೆ ಮಾರಾಯ, ನಮ್ಮಕ್ಕನ ಕೈಕೆಲಸ ಇದು, ಸುಳ್ಳು ಹೇಳಲ್ಲ ಅಂದ." ಮೈಯಲ್ಲಿ ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲೆಂದು ಅಂಗಿಯ ಜೇಬಿನಲ್ಲಿಟ್ಟ ಸಕ್ಕರೆಯ ಪೊಟ್ಟಣ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ಡಾಕ್ಟರಮ್ಮ ತಂತಿಯ ಸುತ್ತಲಿನ ಮಾಂಸವನ್ನು ತೆಳ್ಳಗೆ ಕೊಯ್ದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಂಟು ದಿನದ ಮೇಲೆ ತಂತಿಯಕ್ಕನನ್ನು ಕರೆದರು.

"ನೋಡಿ, ಗೋಡೆಯೇ ಇಲ್ಲ. ಮೈ ಪೂರ್ತಿ ಒಪ್ಪಿಕೊಂಡಿದೆ. ಆದ್ರೂ ಯಾಕೆ ತಪ್ಪು ಹೇಳ್ತೋ ಗೊತ್ತಾಗ್ತಿಲ್ಲ. ಈ ಲೋಳೆಯನ್ನೇ ಕೈಬಿಡ್ತೀನಿ. ಉಳಿದ ಹನ್ನೊಂದು ಜನರದ್ದೂ ನಾಳೆ ತೆಗೆದುಬಿಡೋಣ."

ಅವಳು ಬಗ್ಗಿ ನೋಡಿದಳು. ತಂತಿಯ ಸುತ್ತ ಲೋಳೆಯದೇ ಬೆಳ್ಳನೆಯ ಬಳೆ, ಇರಬೇಕಾದ್ದಕ್ಕಿಂತ ದಪ್ಪ. ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೆಲ್ಲ ಲೋಳೆಯ ತಲೆಗೆ ಹೋಗುತ್ತಿತ್ತು. ಹನ್ನೊಂದು ಜನ ಮತ್ತೆ ಬೆರಳು ಚುಚ್ಚಿಕೊಳ್ಳುತ್ತ ಕೂರುತ್ತಿದ್ದರು.

"ಒಂಬತ್ತನೇದಕ್ಕೆ ಮೂರು ಸಲ ಅದ್ದಿದೆ, ಮೇಡಂ."

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ಮೆಲ್ಲಗೆ ಹೇಳಿದರು: "ಸಕ್ಕರೆ ಆ ಲೋಳೆ ದಾಟಿ ತಂತಿ ಮುಟ್ಟಬೇಕಮ್ಮ. ಪದರ ದಪ್ಪ ಆದಷ್ಟೂ ತಡ. ಸುಮ್ಮನೆ ಕೂತಿದ್ದಾಗ ಗೊತ್ತಾಗಲ್ಲ. ಸಕ್ಕರೆ ಸರ್ರನೆ ಇಳಿದಾಗ ಅದು ಅರ್ಧ ಗಂಟೆ ಹಿಂದಿನ ಸುದ್ದಿ ಹೇಳ್ತಾ ಇರತ್ತೆ."

"ಅಂದ್ರೆ ಮೈ ಗೋಡೆ ಕಟ್ಟಲಿಲ್ಲ," ಎಂದಳು ಅವಳು. "ನಾನು ಕಟ್ಟಿದೆ."

ಹನ್ನೊಂದು ತಂತಿಗಳು ಇದ್ದಲ್ಲೇ ಉಳಿದವು. ಅವಳ ಕೈಯಿಂದ ಚಿಮಟ ಹೋಯಿತು. ಲೋಳೆಯ ಬಟ್ಟಲು ತೊಳೆಯುವ ಕೆಲಸ ಬಂತು. ತಮ್ಮನ ಹೆಂಡತಿಗೆ ಹೇಳುವುದು ಬಾಕಿಯಿತ್ತು. ಹೇಳಿದ ಮೇಲೆ ತನಗೆ ಆ ಮನೆ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಅವಳನ್ನು ನಾಲ್ಕು ದಿನ ತಿಂದಿತು.

ಐದನೆಯ ದಿನ ಬೆಳಿಗ್ಗೆ ತಮ್ಮನ ಹೆಂಡತಿ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ತಂತಿಯಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದಳು. ಊಟದ ಹೊತ್ತು, ಚಿಮಟ, ಮೂರನೆಯ ಸಲ. "ಇನ್ನೊಂದು ಕೋಟ್ ಎಳೀಬೇಕಿತ್ತು ಅಂದಿದ್ದ ನೋಡು. ಅದೇ ತಲೇಲಿತ್ತು."

ಒಗೆಯುವ ಕೈ ನಿಂತಿತು. ನಲ್ಲಿಯ ನೀರು ಬಕೆಟ್ಟಿನಿಂದ ಉಕ್ಕಿ ಹರಿಯುತ್ತಿತ್ತು.

"ಅದು ತಮಾಷೆಗೆ ಅಂದಿದ್ದು, ಅತ್ತಿಗೆ," ಎಂದಳು. "ಮೂರನೇ ಕೋಟ್ ಅವರು ಯಾರ ಮನೆಗೂ ಬಳಿದವರಲ್ಲ. ಮೂರನೇದು ಬಿರುಕು ಬಿಡತ್ತೆ ಅಂತಿದ್ರು. ನನ್ನನ್ನ ಒಂದು ಮಾತು ಕೇಳಿದ್ರೂ ಹೇಳ್ತಿದ್ದೆ."

ತಂತಿಯಕ್ಕ ತಲೆ ತಗ್ಗಿಸಿದಳು. ಏಳಬೇಕೋ ಕೂರಬೇಕೋ ತಿಳಿಯಲಿಲ್ಲ.

ತಮ್ಮನ ಹೆಂಡತಿ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬಕೆಟ್ಟಿನಿಂದ ಒದ್ದೆ ಹೊದಿಕೆಯನ್ನು ಎಳೆದು, ಅವಳ ಮುಖ ನೋಡದೆಯೇ ಒಂದು ತುದಿಯನ್ನು ಅವಳ ಕಡೆ ನೂಕಿದಳು. ಒಬ್ಬರಿಂದ ಹಿಂಡಲಾಗದ ದಪ್ಪ ಹೊದಿಕೆ ಅದು. ತಂತಿಯಕ್ಕ ತುದಿ ಹಿಡಿದು ಎದ್ದು ನಿಂತಳು. ಅವಳು ಬಲಕ್ಕೆ, ಇವಳು ಎಡಕ್ಕೆ ತಿರುಚಿದರು. ನೀರು ಕಲ್ಲಿನ ಮೇಲೆ ಸುರಿದು, ಕಡೆಗೆ ಹನಿಹನಿಯಾಗಿ ತೊಟ್ಟಿಕ್ಕತೊಡಗಿದಾಗ ಇಬ್ಬರೂ ಹೊದಿಕೆಯನ್ನು ಕೊಡವಿ ಹಗ್ಗದ ಮೇಲೆ ಹರವಿದರು.