ಕೃಷ್ಣನಿಗೆ ಉಸಿರೊತ್ತಿದ ದ್ರೌಪದಿ

ಚನ್ನಮಲ್ಲಯ್ಯನನ್ನು ಹೆಸರು ಹಿಡಿದು ಕರೆಯುವವರು ಕೊರಟಗೆರೆ ರಸ್ತೆಯ ಪಕ್ಕದ ಅವನ ಕೇರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಅವನು ದ್ರೌಪದಮ್ಮ. ಹಗಲುವೇಷದವರ ಮನೆಯಲ್ಲಿ ಹುಟ್ಟಿದವನು. ಮೀಸೆ ಮೂಡುವ ಮೊದಲೇ ಅಪ್ಪ ಸೀರೆ ಉಡಿಸಿ ಬೀದಿಗೆ ಇಳಿಸಿದ್ದ. ಈಗ ಐವತ್ತು ದಾಟಿದೆ. ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದು, ಮುಖಕ್ಕೆ ಬಣ್ಣ ಬಳಿದು, ಕುಪ್ಪಸ ತೊಟ್ಟು ಹೊರಟನೆಂದರೆ ಊರ ಹೆಂಗಸರು ಅವನನ್ನು ಗಂಡಸೆಂದು ಎಣಿಸುವುದೇ ಇಲ್ಲ. ಅಡುಗೆಮನೆ ಬಾಗಿಲಲ್ಲಿ ಕೂರಿಸಿ ನೀರು ಕೊಡುತ್ತಾರೆ, ಸೊಸೆಯ ದೂರು ಹೇಳುತ್ತಾರೆ. ಅವನೂ ಕೇಳಿಸಿಕೊಳ್ಳುತ್ತಾನೆ. ಆ ಮಾತು ಇನ್ನೊಂದು ಮನೆಗೆ ಹೋದದ್ದಿಲ್ಲ.

ಅವನ ಮೇಳದಲ್ಲಿ ನಾಲ್ಕೇ ಜನ. ಭೀಮನ ವೇಷಕ್ಕೆ ದಾಯಾದಿ ಅಣ್ಣ ರುದ್ರಯ್ಯ. ಅರ್ಜುನನ ವೇಷದಲ್ಲೇ ತಬಲಾ ನುಡಿಸುವ ಪ್ರಸನ್ನ ಕುಮಾರ್. ಕೃಷ್ಣನಿಗೆ ನಾಗಭೂಷಣ, ಚನ್ನಮಲ್ಲಯ್ಯನ ಅಕ್ಕ ಓಬಳಮ್ಮನ ಒಬ್ಬನೇ ಮಗ. ಗಂಡ ಹೋದ ಮೇಲೆ ಓಬಳಮ್ಮ ಮಗನನ್ನು ತಮ್ಮನ ಬೆನ್ನಿಗೆ ಕಟ್ಟಿ ಕಳಿಸಿದ್ದಳು. ನಾಗಭೂಷಣನಿಗೆ ಈಗ ಮದುವೆಯ ವಯಸ್ಸೇ ಮೀರುತ್ತಾ ಬಂದಿದೆ. ಆದರೂ ಪ್ರತಿ ಸಲ ಹೊರಡುವಾಗ ಅವಳು "ನಿನ್ನ ಕೈಗೆ ಹಾಕಿವ್ನಿ ಕಣಪ್ಪ" ಅನ್ನುವುದನ್ನು ಬಿಟ್ಟಿರಲಿಲ್ಲ.

ಹೋದ ವರ್ಷ ಮಳೆ ನಿಂತ ಮೇಲೆ ಮೇಳ ಬಲಸಮುದ್ರಕ್ಕೆ ಬಂತು. ಶಾಲೆಯ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದ್ದರು. ಬೆಳಕು ಹರಿಯುವಾಗ ನಾಗಭೂಷಣ ಹೊಟ್ಟೆ ಹಿಡಿದುಕೊಂಡು ಎದ್ದ.

"ನಿನ್ನೆ ತಿಂದ ಬೋಂಡಾ ಕೆಲ್ಸ ಇದು," ಎಂದ ಪ್ರಸನ್ನ.

ಚನ್ನಮಲ್ಲಯ್ಯ ಅಗಿಯಲು ಒಂದು ಚಿಟಿಕೆ ಜೀರಿಗೆ ಕೊಟ್ಟ. ಎಂದಿನಂತೆ ತಾನೇ ಕೂತು ಅಳಿಯನ ಮುಖಕ್ಕೆ, ಕುತ್ತಿಗೆಗೆ, ಬೆರಳ ತುದಿಯವರೆಗೆ ನೀಲಿ ಬಳಿದ. ರೆಪ್ಪೆಗೆ ಬಣ್ಣ ಹಚ್ಚುವಾಗ ಅದು ಮೇಲೇಳದೆ ಜೋತುಬೀಳುತ್ತಿತ್ತು. "ಕಣ್ಣು ಬುಡ್ಲಾ, ನಿದ್ದೆ ಸಾಲ್ಲಿಲ್ವಾ?" ಎಂದು ಗದರಿದ.

ಮೊದಲ ಬೀದಿಯಲ್ಲಿ ಜನ ಸೇರಿದರು. ರುದ್ರಯ್ಯ ಹಾರ್ಮೋನಿಯಂ ಎಳೆದ. ಕೃಷ್ಣ ಬಾಯಿ ತೆರೆದರೆ ಪದ್ಯ ಮೂಗಿನಿಂದ ಬಂತು. ಎರಡನೆಯ ಸಾಲಿನಲ್ಲಿ ನಾಲಗೆ ಹೊರಳಲಿಲ್ಲ. "ಕೃಷ್ಣಪ್ಪ ಬೆಳಿಗ್ಗೇನೇ ಏರಿಸ್ಕಂಡು ಬಂದವ್ನೆ ಕಣ್ಲಾ," ಎಂದು ಯಾರೋ ಅಂದರು. ಬೀದಿಗೆ ಬೀದಿಯೇ ನಕ್ಕಿತು.

ಚನ್ನಮಲ್ಲಯ್ಯನಿಗೆ ನಗು ಬರಲಿಲ್ಲ. ನಾಗಭೂಷಣ ಹೆಂಡ ಮುಟ್ಟಿದವನಲ್ಲ. ಪಕ್ಕದ ಮನೆಯಿಂದ ನೀರು ಇಸಿದುಕೊಂಡು ಕುಡಿಸಿದ. ಗುಟುಕು ಒಳಗಿಳಿಯದೆ ಮೂಗಿನಿಂದ ಹೊರಬಂತು.

"ಮಾವ, ಎಲ್ಲಾ ಎರಡೆರಡು ಕಾಣ್ತೈತೆ," ಎಂದ ನಾಗಭೂಷಣ, ಪ್ರತಿ ಅಕ್ಷರವನ್ನೂ ಎಳೆದು ತರುತ್ತಾ.

ರುದ್ರಯ್ಯ ಹತ್ತಿರ ಬಂದು ನೋಡಿದ. "ದೃಷ್ಟಿ ಆಗೈತೆ. ಇಲ್ಲೇ ಯಾರನ್ನಾದ್ರೂ ಕರ್ಸಿ ದೃಷ್ಟಿ ತೆಗ್ಸಿ ನೋಡಾನ."

"ನೋಡ್ತಾ ಕುಂತ್ರೆ ಆಗಾಕಿಲ್ಲಣ್ಣ. ಹೊತ್ಕೊ ಅವನ್ನ," ಎಂದ ಚನ್ನಮಲ್ಲಯ್ಯ.

ಆ ದನಿ ಕೇಳಿ ರುದ್ರಯ್ಯ ನಾಗಭೂಷಣನನ್ನು ಹೆಗಲಿಗೆ ಎತ್ತಿಕೊಂಡ. ಡೈರಿಗೆ ಹಾಲು ಸಾಗಿಸುವ ತಿಮ್ಮರಾಯಪ್ಪ ಅಲ್ಲೇ ನಿಂತು ನಗುತ್ತಿದ್ದವನು, ನಗು ನಿಲ್ಲಿಸಿ ತನ್ನ ಪಿಕಪ್ ತಂದ. ಹಾಲಿನ ಕ್ಯಾನುಗಳ ನಡುವೆ ಕೃಷ್ಣನನ್ನು ಮಲಗಿಸಿ ಮೂವರೂ ಹತ್ತಿದರು. ಸೋಲಾರ್ ಫಲಕಗಳ ಬೇಲಿ ಮುಗಿಯುವುದೇ ಇಲ್ಲವೇನೋ ಎಂಬಂತೆ ರಸ್ತೆಯುದ್ದಕ್ಕೂ ಹಿಂದೆ ಸರಿಯುತ್ತಿತ್ತು. ಅಳಿಯನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತ ಚನ್ನಮಲ್ಲಯ್ಯನಿಗೆ, ಆ ಎದೆ ಏಳುವುದು ಕಡಿಮೆಯಾಗುತ್ತಾ ಬಂದದ್ದು ಅಂಗೈಗೇ ತಿಳಿಯಿತು.

ಪಾವಗಡದ ಆಸ್ಪತ್ರೆಯಲ್ಲಿ ವೈದ್ಯರು ರೆಪ್ಪೆ ಎತ್ತಿ ನೋಡಿದರು. "ರಾತ್ರಿ ನೆಲದ ಮೇಲೆ ಮಲಗಿದ್ರಾ?"

"ಹೂಂ ಸ್ವಾಮಿ."

"ಕಟ್ಟುಹಾವು ಕಚ್ಚಿರಬೇಕು. ಕಚ್ಚಿದ್ದೇ ಗೊತ್ತಾಗಲ್ಲ, ಗುರುತೂ ಉಳಿಯಲ್ಲ."

ನರ್ಸ್ ಲೋಹಿತಾ ರಕ್ತದಲ್ಲಿನ ಆಮ್ಲಜನಕದ ಮಟ್ಟ ತೋರಿಸುವ ಕ್ಲಿಪ್ಪನ್ನು ನಾಗಭೂಷಣನ ಬೆರಳಿಗೆ ಸಿಕ್ಕಿಸಿದಳು. ಏನೂ ತೋರಲಿಲ್ಲ. "ಈ ಬಣ್ಣ ಮೊದ್ಲು ತೆಗೀರಿ. ತುಟಿ ಯಾವ ಬಣ್ಣ ಇದೆ ಅಂತಾನೂ ಕಾಣ್ತಿಲ್ಲ ನನಗೆ."

ಯಾರೋ ಕೊಬ್ಬರಿ ಎಣ್ಣೆ ತಂದುಕೊಟ್ಟರು. ತಾನೇ ಬಳಿದ ಬಣ್ಣವನ್ನು ಚನ್ನಮಲ್ಲಯ್ಯ ಸೀರೆಯ ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿದ. ಬೆರಳಿನ ಬಣ್ಣ ಹೋಯಿತು. ಉಗುರಿನ ನೀಲಿ ಹೋಗಲಿಲ್ಲ. ಅವನು ಇನ್ನೂ ಉಜ್ಜುತ್ತಲೇ ಇದ್ದಾಗ ಲೋಹಿತಾ ಮೆಲ್ಲಗೆ ಅವನ ಕೈ ಹಿಡಿದು ನಿಲ್ಲಿಸಿದಳು. "ಅದು ಬಣ್ಣ ಅಲ್ಲ, ಬಿಡಿ."

ವಿಷಕ್ಕೆ ಮದ್ದು ಹಾಕಿದರು. ಗಂಟಲೊಳಗೆ ಕೊಳವೆ ಇಳಿಸಿದರು. ಆದರೆ ಮದ್ದು ಕೆಲಸ ಮಾಡುವವರೆಗೆ ಅವನ ಪರವಾಗಿ ಉಸಿರಾಡುವ ಯಂತ್ರ ಬೇಕಿತ್ತು, ಅಲ್ಲಿದ್ದ ಒಂದೇ ಯಂತ್ರದಲ್ಲಿ ಆಗಲೇ ಒಬ್ಬ ಬಾಣಂತಿ ಇದ್ದಳು. ತುಮಕೂರಿಗೆ ಒಯ್ಯಬೇಕು. ದಾರಿಯುದ್ದಕ್ಕೂ ಕೊಳವೆಗೆ ಜೋಡಿಸಿದ ಗಾಳಿಯ ಚೀಲವನ್ನು ಕೈಯಲ್ಲೇ ಒತ್ತಬೇಕು.

"ನಾನು ಬರ್ತೀನಿ. ಆದ್ರೆ ನನ್ನೊಬ್ಬಳ ಕೈ ಸಾಲಲ್ಲ," ಎಂದಳು ಲೋಹಿತಾ.

"ನಾವು ಮೂವರಿದ್ದೀವಿ ತಾಯಿ," ಎಂದ ಚನ್ನಮಲ್ಲಯ್ಯ.

ಆಂಬುಲೆನ್ಸ್ ಓಡಿಸುವವನು ಶಿರಾದ ಇಜಾಜ್. ಸೀರೆ ಕಂಡು "ಹುಷಾರಾಗಿ ಹತ್ತಮ್ಮ," ಎಂದವನು, ಒಳಗಿನಿಂದ ಬಂದ ಚನ್ನಮಲ್ಲಯ್ಯನ ಗಡಸು ದನಿ ಕೇಳಿ ಒಂದು ಸಲ ಹಿಂತಿರುಗಿ ನೋಡಿದ. ಗಾಡಿ ಎತ್ತಿದ.

ಲೋಹಿತಾ ಕಲಿಸಿಕೊಟ್ಟಳು: "ನಾನು ಉಸಿರು ಎಳ್ಕೊಂಡಾಗ ಒತ್ತಿ, ಬಿಟ್ಟಾಗ ಬಿಡಿ. ಹೆದ್ರಿ ಜೋರು ಮಾಡ್ಬೇಡಿ." ಮೊದಲು ಪ್ರಸನ್ನ ಒತ್ತಿದ, ಆಮೇಲೆ ರುದ್ರಯ್ಯ, ಆಮೇಲೆ ಚನ್ನಮಲ್ಲಯ್ಯ. ಒಬ್ಬರ ಬೆರಳು ಸೆಟೆದುಕೊಂಡಾಗ ಇನ್ನೊಬ್ಬರು ಕೈ ಕೊಡುವರು. ಒತ್ತಿದಾಗ ನಾಗಭೂಷಣನ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ತಾನೇ ಏಳುವುದಂತೂ ನಿಂತುಹೋಗಿತ್ತು.

"ಮಾತಾಡಿಸ್ತಾ ಇರಿ," ಎಂದಳು ಲೋಹಿತಾ. "ಕಣ್ಣು ಬಿಡೋಕಾಗಲ್ಲ, ಕೈ ಆಡ್ಸೋಕಾಗಲ್ಲ. ಆದ್ರೆ ಕಿವಿ ಕೇಳಿಸ್ತಿರುತ್ತೆ."

ಚನ್ನಮಲ್ಲಯ್ಯ ಅಳಿಯನ ಮುಖ ನೋಡಿದ. ಕಟ್ಟುಹಾವೆಂದು ವೈದ್ಯರು ಆಡಿದ ಮಾತು, ಯಂತ್ರ ಖಾಲಿಯಿಲ್ಲವೆಂದದ್ದು, ಎಲ್ಲವನ್ನೂ ಅವನು ಕೇಳಿಸಿಕೊಂಡೇ ಬಿದ್ದಿದ್ದನೇ? ಬೀದಿಯಲ್ಲಿ ದಿನವಿಡೀ ಮಾತಾಡಿ ಬದುಕುವವನಿಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ ಕಿಟಕಿಯಾಚೆ ಕಂಡದ್ದನ್ನೇ ಹೇಳತೊಡಗಿದ. "ನಾಗಾ, ಮಿಡಿಗೇಶಿ ದಾಟಿದ್ವಿ. ಇಲ್ಲಿ ಕುರಿ ಮಂದೆ ಅಡ್ಡ ಬಂದೈತೆ, ಅದ್ಕೇ ನಿಧಾನ. ಹೋಯ್ತು, ಹೋಯ್ತು. ಅಗೋ, ಮಧುಗಿರಿ ಬೆಟ್ಟ ಕಾಣ್ತೈತೆ."

ಮಧುಗಿರಿಯಲ್ಲಿ ಲಾರಿಯೊಂದು ಕೆಟ್ಟು ರಸ್ತೆ ಕಟ್ಟಿತ್ತು. ಸೈರನ್ ಕೂಗಿಯೇ ಕೂಗಿತು. ಮುಂದಿನ ಗಾಡಿಗಳು ಅಲುಗಲಿಲ್ಲ. ರುದ್ರಯ್ಯ ಬಾಗಿಲು ತೆರೆದು ಇಳಿದ. ಮೈಮೇಲೆ ಎದೆಕವಚ, ಕೆನ್ನೆಯವರೆಗೆ ಬಣ್ಣದಲ್ಲಿ ತಿರುವಿ ಬರೆದ ಮೀಸೆ, ಕಾಲಲ್ಲಿ ಗೆಜ್ಜೆ. ಮೈಕಿಲ್ಲದೆ ಊರಿಗೆಲ್ಲ ಕೇಳಿಸುವ ಕಂಠ ಅವನದು. "ಒಳಗೆ ಜೀವ ಐತೆ, ಸರೀರಪ್ಪೋ, ಸರೀರಿ," ಎಂದು ಕೂಗುತ್ತಾ ಆಟೋ ಒಂದನ್ನು ತಾನೇ ಹಿಂದಕ್ಕೆ ನೂಕಿದ. ಮೊಬೈಲ್ ಎತ್ತಿ ಹಿಡಿದಿದ್ದವರು ಅದನ್ನು ಜೇಬಿಗೆ ಹಾಕಿ ಬೈಕುಗಳನ್ನು ಎತ್ತಿ ಬದಿಗಿಟ್ಟರು. ದಾರಿ ಬಿಟ್ಟಿತು. ಓಡುತ್ತಾ ಬಂದ ಭೀಮನನ್ನು ಪ್ರಸನ್ನ ಒಳಗೆ ಎಳೆದುಕೊಂಡ.

ಕೊರಟಗೆರೆ ಹತ್ತಿರ ಬರುವಾಗ ಚನ್ನಮಲ್ಲಯ್ಯನ ಸೊಂಟದಲ್ಲಿ ಫೋನು ಅಲುಗಿತು. ಅಕ್ಕನೇ ಇರಬೇಕು. ಬಲಸಮುದ್ರದಿಂದ ಸುದ್ದಿ ಮುಟ್ಟಿರುತ್ತದೆ. ಆಗ ಚೀಲ ಅವನ ಕೈಯಲ್ಲಿತ್ತು. ಫೋನು ನಿಂತಿತು, ಮತ್ತೆ ಅಲುಗಿತು. ರಸ್ತೆಯ ಬದಿಗೆ ತಮ್ಮ ಕೇರಿಯ ತಗಡಿನ ಮಾಡುಗಳು ಕಂಡವು. ಬೇಲಿಯ ಹತ್ತಿರ ಹೆಂಗಸರು ಗುಂಪಾಗಿ ನಿಂತಿದ್ದರು. ಅದರಲ್ಲಿ ಅಕ್ಕ ಇದ್ದಳೋ ಇಲ್ಲವೋ, ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ನಿಲ್ಲಿಸ್ಬೇಕಾ?" ಎಂದ ಇಜಾಜ್, ರುದ್ರಯ್ಯ, ಪ್ರಸನ್ನ ಆ ಕಡೆಗೇ ನೋಡುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡು.

"ಬ್ಯಾಡ. ಹೋಗ್ಲಿ," ಎಂದ ಚನ್ನಮಲ್ಲಯ್ಯ.

ನಾಗಭೂಷಣನಿಗೆ ಮಾತ್ರ ಅವನು ಕೇರಿ ಬಂತೆಂದು ಹೇಳಲಿಲ್ಲ. ಲೋಹಿತಾ ಕ್ಲಿಪ್ಪಿನ ಅಂಕಿಯನ್ನೇ ನೋಡುತ್ತಾ ತುಟಿ ಕಚ್ಚಿದ್ದಳು.

ತುಮಕೂರಿನಲ್ಲಿ ಯಂತ್ರ ಸಿದ್ಧವಾಗಿತ್ತು. ಚೀಲವನ್ನು ಬೇರೆಯವರು ತೆಗೆದುಕೊಂಡ ಮೇಲೂ ಚನ್ನಮಲ್ಲಯ್ಯನ ಬೆರಳುಗಳು ಬಿಚ್ಚಲಿಲ್ಲ. ಅವರನ್ನು ಒಳಗೆ ಬಿಡಲಿಲ್ಲ. ಭೀಮ, ಅರ್ಜುನ, ದ್ರೌಪದಿ ಮೂವರೂ ಗೋಡೆಗೊರಗಿ ನೆಲದ ಮೇಲೆ ಕೂತರು. ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಓಡಾಡುವವರು ನಿಂತು ನೋಡಿ ಹೋಗುತ್ತಿದ್ದರು.

ಓಬಳಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದಿದ್ದ ತಮ್ಮನ ಮುಂದೆ ಕೂತು, ಊದಿಕೊಂಡ ಅವನ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ನೀವತೊಡಗಿದಳು.

"ಏನಾದ್ರೂ ಹೊಟ್ಟೆಗೆ ಹಾಕ್ಕಂಡಾ?" ಎಂದಳು.

ಆಗ ಅವನಿಗೆ ಅಳು ಬಂತು.

ಅಲ್ಲಿಂದ ಮುಂದಿನ ದಿನಗಳು ಬಾಗಿಲ ಗಾಜಿನ ಮುಂದೆಯೇ ಕಳೆದವು. ಒಂದು ಬೆಳಿಗ್ಗೆ ನಾಗಭೂಷಣನ ಕಾಲಿನ ಹೆಬ್ಬೆರಳು ಅಲುಗಿತೆಂದರು. ಆಮೇಲೆ ರೆಪ್ಪೆ ಅರ್ಧ ಎದ್ದಿತು. ಕೊಳವೆ ತೆಗೆದ ದಿನ ಅವನ ದನಿ ಪಿಸುಮಾತಿನಷ್ಟೇ ಇತ್ತು. ಮಾವನನ್ನು ಕಂಡು, "ಎಲ್ಲಾ ಕೇಳಿಸ್ತಿತ್ತು. ಉತ್ರ ಕೊಡಾಕೆ ಆಗ್ತಿರ್ಲಿಲ್ಲ," ಎಂದ.

ಈ ಸಲ ಮೇಳ ಬರಗೂರಿನ ಕಡೆ ಹೊರಟಿತು. ಕೃಷ್ಣನ ವೇಷ ಸದ್ಯಕ್ಕೆ ಪ್ರಸನ್ನನದು. ನಾಗಭೂಷಣನ ಗಂಟಲು ಇನ್ನೂ ಎತ್ತರದ ಪದ್ಯಕ್ಕೆ ಬಗ್ಗುವುದಿಲ್ಲ, ಹಾರ್ಮೋನಿಯಂ ಹಿಡಿದಿದ್ದಾನೆ. ಹಗ್ಗದ ಮಂಚ ಸಿಗದ ಊರಲ್ಲಿ ಚನ್ನಮಲ್ಲಯ್ಯ ತಂಗುವುದಿಲ್ಲ. ಸಿಕ್ಕಿದರೂ ನಿದ್ದೆ ನೆಟ್ಟಗೆ ಹತ್ತುವುದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಅಳಿಯನ ಮಂಚದ ಹತ್ತಿರ ಬಂದು, ಮೂಗಿನ ಮುಂದೆ ಅಂಗೈ ಹಿಡಿಯುತ್ತಾನೆ. ಎಚ್ಚರವಾದಾಗಲೆಲ್ಲ ನಾಗಭೂಷಣ, "ಇದೀನಿ ಮಾವ, ಮಲಕ್ಕೊ ಹೋಗು," ಅನ್ನುತ್ತಾನೆ. ಹೂಂ ಎಂದು ಬಂದು ಒರಗಿ, ಬೆಳಕಾಗುವವರೆಗೂ ಚನ್ನಮಲ್ಲಯ್ಯ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ.