ಪದ್ದಕ್ಕ ಗುಳಿಗೆ ಬಿಟ್ಟದ್ದು

ಬಿಡಬೇಡಿ ಎಂದು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ಶಿಗ್ಗಾಂವದ ಆ ಬಾಡಿಗೆ ಹಾಲಿನಲ್ಲಿ ಅಂದು ಬೆಳಿಗ್ಗೆ ಇದ್ದವರು ಐದೇ ಮಂದಿ — ನಾನು, ಬ್ಯಾಂಕಿನ ಇಬ್ಬರು ನೌಕರರು, ನಿವೃತ್ತ ಶಿಕ್ಷಕಿ ಪದ್ದಕ್ಕ, ಅವರ ಸೊಸೆ. ಯೋಗ ಕಲಿಸುತ್ತೇನೆಂದು ಬೋರ್ಡು ಹಾಕಿ ಎಂಟು ತಿಂಗಳಾಗಿತ್ತು. ಬರುವವರು ಇಷ್ಟೇ.

ಅದಕ್ಕೂ ಮೊದಲು ಹಾನಗಲ್ಲಿನಲ್ಲಿ ನನ್ನದು ಸರಕಾರಿ ಫಾರ್ಮಾಸಿಸ್ಟ್ ಕೆಲಸ. ಹತ್ತೊಂಬತ್ತು ವರ್ಷ ಕಿಟಕಿಯ ಹಿಂದೆ ನಿಂತು ಗುಳಿಗೆ ಕೊಟ್ಟವನು. ಆಸನ ಕಲಿತು ನನ್ನ ಬೆನ್ನುನೋವು ಹೋಯಿತು ನೋಡಿ — ಅದೇ ಹುಚ್ಚಿನಲ್ಲಿ, ಹೆಂಡತಿ ಬೇಡವೆಂದರೂ ಕೇಳದೆ ರಾಜೀನಾಮೆ ಕೊಟ್ಟೆ. "ಪಗಾರ ಬಿಟ್ಟು ಮೂಗು ಹಿಡಕೊಂಡು ಕುಂತಾನ" ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಕೇಳಿದವರ ಜೊತೆ ನಾನೂ ನಗುತ್ತಿದ್ದೆ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಇದೂ ಮುಚ್ಚಿದರೆ ನಾನು ಎಲ್ಲಿಗೆ ಹೋಗಿ, ಯಾರ ಮುಂದೆ —

ಪದ್ದಕ್ಕನ ಮಾತಿಗೆ ಊರಲ್ಲಿ ಬೆಲೆಯಿತ್ತು. ಎಷ್ಟೋ ಮನೆಗಳ ಮಕ್ಕಳು ಅವರ ಹತ್ತಿರವೇ ಅಕ್ಷರ ಕಲಿತಿದ್ದರು. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವೈಷ್ಣವರ ಮನೆ — ಏಕಾದಶಿ ಎಂದರೆ ಹನಿ ನೀರೂ ಇಲ್ಲ, ಹಾಗಾಗಿ ಅಂದು ಗುಳಿಗೆಯೂ ಇಲ್ಲ. ದ್ವಾದಶಿಯ ಪಾರಣೆ ಮುಗಿದ ಮರುದಿನ ಕ್ಲಾಸಿಗೆ ಬಂದು, ಹುರುಪಿನಲ್ಲಿ ಕೇಳಿದರು:

"ಮಾಸ್ತರ, ಏಕಾದಶಿ ದಿನ ಗುಳಿಗಿ ಇಲ್ಲದ ಎಷ್ಟ ಹಗೂರ ಇರ್ತೇನಿ. ಈಗ ಆಸನಾನೂ ಮಾಡ್ತೇನಿ. ದಿನಾ ಯಾಕ ತೊಗೋಬೇಕ್ರಿ ಅದನ್ನ? ನೀವು ಗುಳಿಗಿ ಕೊಟ್ಟಾವ್ರು, ನೀವ ಹೇಳ್ರಿ."

ಅಂದು ಅನ್ನವೂ ಇಲ್ಲವಲ್ಲ, ಅದಕ್ಕೇ ಸಕ್ಕರೆ ಏರಲಿಲ್ಲ — ಆ ಕಿಟಕಿಯಲ್ಲಿ ನಾನೇ ಎಷ್ಟು ಜನರಿಗೆ ತಿಳಿಹೇಳಿದ ಮಾತು ಅದು. ನಾಲಗೆಯ ತುದಿಗೆ ಬಂದಿತ್ತು. ಆದರೆ ಬ್ಯಾಂಕಿನವರು ಚಾಪೆ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಪದ್ದಕ್ಕ ಯೋಗದಿಂದ ಗುಳಿಗೆಯನ್ನೇ ಬಿಟ್ಟರಂತೆ — ಈ ಸುದ್ದಿ ಊರು ಸುತ್ತಿದರೆ...

"ನಿಮ್ಮ ದೇಹಾನ ನಿಮಗ ಹೇಳಾಕತ್ತೈತಲ್ರಿ, ಅಕ್ಕಾರ" ಎಂದೆ.

ಅಷ್ಟೇ. ಬಿಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ — ಅಲ್ಲೇ ಇದೆ ನನ್ನ ಕಪಟ.

ಪದ್ದಕ್ಕ ಗುಳಿಗೆ ಬಿಟ್ಟರು; ಸುದ್ದಿ ಹಬ್ಬಿ ಎರಡು ತಿಂಗಳಲ್ಲಿ ಕ್ಲಾಸು ತುಂಬಿತು. ವರ್ಷ ತುಂಬುವುದರೊಳಗೆ ಪದ್ದಕ್ಕನ ಕಾಲಿಗೆ ಹುಣ್ಣಾಯಿತು, ಮಾಯಲಿಲ್ಲ. ಹುಬ್ಬಳ್ಳಿಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಿನ್ನ ಉಪವಾಸವೇ ಇದನ್ನು ಮಾಡಿತೆಂದು ಮಗ ತಾಯಿಯನ್ನೇ ಬೈದ. ಹಣ್ಣಿನ ಚೀಲ ಹಿಡಿದು ಮಂಚದ ಪಕ್ಕ ನಿಂತಿದ್ದ ನಾನು, ಹೌದೆಂಬಂತೆ ತಲೆಯಾಡಿಸಿದೆ. ಅವರ ಕಣ್ಣೆದುರಿಗೇ ತಲೆಯಾಡಿಸಿದೆ.

ಮೂರು ವರ್ಷವಾಯಿತು. ದಿನಾ ಬೆಳಿಗ್ಗೆ ನಲವತ್ತು ಜನರಿಗೆ ನಿಧಾನ ಉಸಿರಾಡಿ ಎನ್ನುತ್ತೇನೆ, ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಯಾವ ಆಸನದಲ್ಲಿ ಕುಳಿತರೂ ಆ ಮಂಚ —

ಕಳೆದ ಗುರುವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಪದ್ದಕ್ಕ ಕೊನೆಗೆ ಒಂದೇ ಮಾತು ಕೇಳಿದರು.

"ಆವತ್ತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

ಸೊಸೆ ನನಗೆಂದು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪದ್ದಕ್ಕ ಅವಳ ಕಡೆ ನೋಡಿ ಬೇಡವೆಂದು ಕೈಯಾಡಿಸಿದರು. ಅವಳು ಕಪ್ಪನ್ನು ಒಳಗೆ ಒಯ್ದಳು. ನಾನು ಎದ್ದು ಬಂದೆ.